ನೀರು ಕೇಳೋ ಚಾಣ

ಆ ಕಂದೀಲು ಜರಾ ಸಣ್ಣ ಮಾಡ್ರಿ. ಹಾಂ, ಅಷ್ಟು ಸಾಕು. ನಾ ಈಗ ಹೇಳೋದು ಕಟ್ಟಿ ಹೇಳೋದಲ್ಲ. ನಮ್ಮ ದೊಡ್ಡಪ್ಪನ ಮಗಳು ಮಾಳಕ್ಕಗ ಆಗಿದ್ದು, ಅಕಿ ಬಾಯಿಲೇ ಕೇಳಿದ್ದು. ನಡುವ ಯಾರೂ ಕಿಸಿಕಿಸಿ ನಗಬ್ಯಾಡ್ರಿ. ನಗೋರಿದ್ರ ಈಗೇ ಎದ್ದು ಹೋಗಿ ಮಲಕ್ಕೊಳ್ರಿ, ನನಗೇನೂ ಬ್ಯಾಸರಿಲ್ಲ.

ಆಗಿನ್ನೂ ನಮ್ಮ ರಾಜ್ಯಕ್ಕ ಮೈಸೂರು ಅಂತನೇ ಹೆಸರಿತ್ತು. ವಾಡಿ ಕಡಿಯಿಂದ ಬರೋ ಪ್ಯಾಸೆಂಜರ್ ಅವತ್ತು ಭಾಳ ಲೇಟಾಗಿ ಶಹಾಬಾದಕ್ಕ ಬಂತು. ಇಳದವರು ನಾಕೈದು ಮಂದಿ. ಎಲ್ಲಾರೂ ಬಜಾರ ಕಡಿ ಹೋದ್ರು. ಮಾಳಕ್ಕ ಒಬ್ಬಾಕಿನೇ ಖಣಿ ಹಾದಿ ಹಿಡದ್ಳು. ಕಲ್ಲು ಒಡಿಯೋರ ಮನಿಗೋಳೆಲ್ಲ ಆ ಕಡಿಗೇ ಇದ್ವು. ಹಾದಿ ಮಗ್ಗಲ ಹಳೀ ಖಣಿ. ನೆಲಕ್ಕ ಹಾಸೋ ಫರಸಿ ಕಲ್ಲು ತಗದು ತಗದು ಬಿಟ್ಟುಬಿಟ್ಟಿದ್ದು. ಮ್ಯಾಲಿಂದ ಪಾವಟಿಗಿ ಪಾವಟಿಗಿ ಆಗಿ, ಮೆಟ್ಟಲದಂಗ, ಕೆಳಗ ಇಳದದ. ತಳದಾಗ ಮಳಿ ನೀರು ನಿಂತು ಕರ್ರಗ ಕಾಣ್ತದ. ಎಷ್ಟು ಆಳ ಅದ ಅಂತ ಯಾರೂ ನೋಡಿಲ್ಲ.

ಹಿಂದ ರೈಲು ಹೊಂಟುಹೋದ ಸಪ್ಪಳ ಸಣ್ಣದಾಗಿ, ಸಣ್ಣದಾಗಿ... ನಿಂತುಹೋಯ್ತು. ಅಕಿ ಚಪ್ಪಲಿ ಸಪ್ಪಳ ಬಿಟ್ರ ಮತ್ತೇನಿಲ್ಲ.

ಟಕ್.

ಮಾಳಕ್ಕ ನಿಂತ್ಳು.

ಖಣಿ ಒಳಗಿಂದ ಬಂತು ಅದು. ಕಲ್ಲಿಗಿ ಕಬ್ಬಿಣ ಬಡದ ಸಪ್ಪಳ. ರಾತ್ರ್ಯಾಗ ಯಾರೂ ಕಲ್ಲು ಒಡಿಯಂಗಿಲ್ಲ. ಆ ಖಣ್ಯಾಗಂತೂ ಹಗಲೊತ್ತಿನ್ಯಾಗನೂ ಯಾರೂ ಇಳಿಯಂಗಿಲ್ಲ. ನಾನಾಗಿದ್ರ ಚಪ್ಪಲಿ ಅಲ್ಲೇ ಬಿಟ್ಟು ಓಡ್ತಿದ್ದೆ. ಅಕಿ ಓಡಲಿಲ್ಲ. ಅಕಿಗಿ ಹೆದರಿಕಿ ಬರಲಿಲ್ಲ, ಅಳು ಬಂತು. ಆ ಸಪ್ಪಳಕ್ಕ ಅಕಿ ಎಷ್ಟೋ ರಾತ್ರಿಯಿಂದ ಕಾಯಲಿಕತ್ತಿದ್ಳು.

ಯಾಕಂತ ಹೇಳ್ತೀನಿ, ತಡೀರಿ.

ಮಾಳಕ್ಕನ ಗಂಡ ಅಂಬಾರಾಯ ಫರಸಿ ತಗಿಯೋ ಕೆಲಸದಾಗ ಇದ್ದ. ಶಹಾಬಾದ್ ಖಣ್ಯಾಗ ಅಂವನ ಕಿವಿ ಅಂದ್ರ ಕಿವಿ. ಕಲ್ಲಿನ ಮ್ಯಾಲ ಚಾಣದಿಂದ, ಕಲ್ಲು ಒಡಿಯೋ ಕಬ್ಬಿಣದ ಉಳಿಯಿಂದ, ಒಂದು ಏಟು ಮೆಲ್ಲಕ ಬಡದು ಕೇಳಾಂವ. ಗಟ್ಟಿ ಕಲ್ಲಿದ್ರ ಟಣ್ ಅಂತ ಗಂಟಿ ಹಂಗ ಅಂತದ. ಒಳಗ ಸೀಳು ಬಿಟ್ಟಿದ್ರ ಥಪ್ ಅಂತದ, ಅಷ್ಟೇ. ಮದುವ್ಯಾದ ಹೊಸದಾಗ ಮಾಳಕ್ಕಗ ಅಂಗಳದಾಗ ಕುಂದ್ರಿಸಿಕೊಂಡು ಎರಡೂ ಬಡದು ಬಡದು ತೋರಿಸಿದ್ದನಂತ. 'ಟಣ್ ಅಂದ್ರ ನಿಂದ್ರು. ಥಪ್ ಅಂದ್ರ ಹಿಂದ ಸರಿ. ಯಾರಿಗೂ ಕೇಳಬ್ಯಾಡ, ಮೊದಲ ಸರಿ' ಅಂತ. ಹೊಸ ಹೆಂಡ್ತಿಗಿ ಹೇಳೋ ಮಾತೇನ್ರಿ ಅದು? ಆದ್ರ ಅಂವಂದು ಅದೇ ಪ್ರೀತಿ.

ಬುತ್ತಿ ತಗೊಂಡು ಹೋದ್ರ ಅಕಿಗಿ ಒಂದಿನಾನೂ ಖಣ್ಯಾಗ ಇಳೀಗೊಡಲಿಲ್ಲ. 'ನೀ ಮ್ಯಾಲೇ ನಿಂದ್ರು ಮಾಳಿ, ನಾನೇ ಬರ್ತೀನಿ' ಅಂತ ಕೆಳಗಿಂದ ಕೂಗಾಂವ. ಮಂದಿ ಹೆಂಡ್ತೇರೆಲ್ಲ ಇಳದು ಗಂಡಂದಿರಿಗಿ ಊಟಕ್ಕ ಕೊಟ್ಟು ಬರ್ತಿದ್ರ, ಇಕಿ ಮ್ಯಾಲ ಬೇವಿನಗಿಡದ ಕೆಳಗ ರಾಣಿ ಹಂಗ ಕುಂದರಾಕಿ. ನಾವೆಲ್ಲ ಕಾಡಿಸ್ತಿದ್ದಿವಿ.

ಮುಂದ ಅಂವಗ ಕೆಮ್ಮು ಹತ್ತಿತು. ಟೀಬಿ ಅಂದ್ರು ಒಬ್ಬರು, ಎದ್ಯಾಗ ಕಲ್ಲಿನ ಧೂಳು ಕುಂತದ ಅಂದ್ರು ಇನ್ನೊಬ್ಬರು. ಗುಲ್ಬರ್ಗಾದ ದೊಡ್ಡ ದವಾಖಾನಿಗಿ ಹೋಗಿ ಬಂದ್ರು. ಸೂಜಿ, ಗುಳಿಗಿ, ಎಲ್ಲಾ ಆಯ್ತು. ಮನಷ್ಯಾ ಕರಗಿ ಕರಗಿ ಹೊದ್ದ ಕೌದಿ ಕೆಳಗ ಅದಾನೋ ಇಲ್ಲೋ ಅನ್ನಂಗ ಆದ. ಕಡೀಕ ದನಿನೂ ಹೋಯ್ತು. ಉಸರು ಬಿಟ್ಟು ಮಾತಾಡಲಿಕ್ಕೇ ಆಗವಲ್ದು.

ಆಗ ಅಂವ ಮಲಗೋ ಹೊರಸು ಬ್ಯಾಡಂತ ತಲಿ ಅಳ್ಳಾಡಿಸಿದ. ನೆಲದ ಫರಸಿ ಮ್ಯಾಲೇ ಹಾಸು ಅಂತ ಕೈಸನ್ನಿ ಮಾಡಿದ. ತನ್ನ ಚಾಣ ತರಿಸಿಕೊಂಡು ತಲಿದಿಂಬಿನ ಮಗ್ಗಲ ಇಟ್ಕೊಂಡ. ನೀರು ಬೇಕಾದ್ರ ನೆಲಕ್ಕ ಒಂದು ಏಟು. ಟಣ್. ಮಾಳಕ್ಕ ಆ ಕಡಿ ಗ್ವಾಡಿಗಿ ಚಾಪಿ ಹಾಕ್ಕೊಂಡು ಮಲಗಾಕಿ, ಎಂಥಾ ನಿದ್ಯಾಗಿದ್ರೂ ಎದ್ದು ನೀರಿನ ತಂಬಗಿ ಹಿಡಕೊಂಡು ಹೋಗಾಕಿ. ಕುಡದಾದ ಮ್ಯಾಲ ಅಂವ ಚಾಣ ನೆಲದ ಮ್ಯಾಲ ಎಳೀತಿದ್ದ. ಸರ್ರ್. ಅಂದ್ರ, ಸಾಕು, ನೀ ಹೋಗಿ ಮಲಕ್ಕೊ ಅಂತ. ಕರೀ ಫರಸಿ ಮ್ಯಾಲ ಗೇಣುದ್ದ ಬಿಳೀ ಗೀರು ಬೀಳ್ತಿತ್ತು. ಡೊಂಕಾ ಬಿಂಕಾ ಗೀರು, ಕೈಯಾಗ ಸತುವಿಲ್ಲಲ್ಲ. ಮುಂಜಾನಿ ಅಕಿ ಹಸೀ ಅರಿವಿಲೆ ಒರಸಿದ್ರ ಹೋಗಿಬಿಡ್ತಿತ್ತು.

ಒಮ್ಮೊಮ್ಮಿ ಅಂವ ಸುಮ್ಮಸುಮ್ಮನೇ ಬಡೀತಿದ್ದ. ಅಕಿ ಎದ್ದು ಓಡಿಹೋಗಿ, 'ಏನ್ರಿ, ನೀರಾ?' ಅಂದ್ರ ಅಲ್ಲ ಅಂತ ತಲಿ ಅಳ್ಳಾಡಸಾಂವ. ಅದೀಯೋ ಇಲ್ಲೋ ಅಂತ ನೋಡೀನಿ, ಅಷ್ಟೇ, ಅಂತ ಕೈಸನ್ನಿ ಮಾಡಾಂವ. ದನಿ ಇಲ್ಲದ ನಗು ನಗಾಂವ. 'ನಿಮಗ ಆಟ, ನನಗ ನಿದ್ದಿಗೇಡು' ಅಂತ ಅಕಿ ಬೈದು ಬಂದು ಮಲಗಾಕಿ. ಬೈದಿದ್ದು ನೆನಸಿಕೊಂಡು ಆಮ್ಯಾಲ ಎಷ್ಟು ಅತ್ತಾಳ ಅಂತ ನಾ ನೋಡೀನಿ.

ಒಂದು ರಾತ್ರಿ ಮಾಳಕ್ಕಗ ಎಂಥಾ ನಿದ್ದಿ ಬಂತೋ. ತಿಂಗಳುಗಟ್ಟಲೆ ಕಣ್ಣಿಗಿ ಕಣ್ಣು ಹಚ್ಚಿರಲಿಲ್ಲ, ಜೀವ ಅದ ಅಲ್ರಿ, ಎಷ್ಟು ತಡಕೊಂಡೀತು. ಬೆಳಕು ಹರಿದ ಮ್ಯಾಲೇ ಎಚ್ಚರಾಯ್ತು. ಅಂವ ತಣ್ಣಗಾಗಿದ್ದ. ಕೈ ಚಾಣದ ಮ್ಯಾಲಿತ್ತು. ತಂಬಗಿ ತುಂಬ ನೀರು ಹಂಗೇ ಇತ್ತು.

ಬಡದ್ನೋ, ಬಡೀಲಿಲ್ಲೋ? ಕರದ್ನೋ, ಕರೀಲಿಲ್ಲೋ? ಅದೊಂದು ಅಕಿಗಿ ತಿಳೀಲಿಲ್ಲ.

ಮಣ್ಣಿಗಿ ಒಯ್ಯೋ ಹೊತ್ತಿನ್ಯಾಗ ನಾದನಿ ಯಂಕಮ್ಮ ಎಲ್ಲಾರ ಮುಂದ ಎದಿ ಬಡಕೊಂಡು ಅಂದ್ಳು, 'ನಮ್ಮಣ್ಣನ ಬಾಯಾಗ ಒಂದು ಹನಿ ನೀರು ಬೀಳಲಿಲ್ಲಲ್ಲವ್ವಾ, ಬಾಯಿ ಒಣಗಿಸಿಕೊಂಡು ಹೋದ್ನಲ್ಲವ್ವಾ' ಅಂತ. ಹೋಗೋ ಜೀವದ ಬಾಯಾಗ ನೀರು ಬಿಡದಿದ್ರ ಅದು ನೀರಡಿಸಿ ತಿರಗ್ತದ ಅಂತಾರಲ್ಲ ನಮ್ಮಲ್ಲಿ. ಯಂಕಮ್ಮ ಬೇಕಂತ ಅಂದಿದ್ದಲ್ಲ, ಅಣ್ಣ ಸತ್ತ ಸಂಕಟ ಅಕಿದು. ಆದ್ರ ಆ ಮಾತು ಮಾಳಕ್ಕನ ಎದ್ಯಾಗ ಹೋಗಿ ಕುಂತುಬಿಡ್ತು. ಅಕಿ ಕುಣ್ಯಾಗ ಇಡೋ ಮುಂದ ಚಾಣ ತಂದು ಅಂವನ ಬಲಗೈಯಾಗ ತಾನೇ ಇಟ್ಟಳು. ನಾವೆಲ್ಲ ನೋಡೀವಿ. ಅದರ ಮ್ಯಾಲ ಮಣ್ಣು ಬಿತ್ತು. ಇದು ನೆನಪಿಡ್ರಿ.

ಮನಿಗಿ ಬಂದು ನೆಲ ಎಲ್ಲಾ ತಿಕ್ಕಿ ತಿಕ್ಕಿ ತೊಳದ್ಳು. ಒಂದು ಗೀರೂ ಉಳೀಲಿಲ್ಲ.

ಆಮ್ಯಾಲಿಂದು ಹೇಳಬಾರದು. ಹಗಲೊತ್ತು ಹೆಂಗೋ ಕಳೀತಿತ್ತು. ರಾತ್ರಿ ಆ ಮನ್ಯಾಗ ಇಲಿ ಸೈತ ಓಡಾಡತಿರಲಿಲ್ಲ. ಅಕಿ ಚಾಪಿ ಮ್ಯಾಲ ಕಿವಿ ತೆರಕೊಂಡು ಮಲಗಾಕಿ. ಮೊದಲ ಯಾರೋ ಎಬ್ಬಿಸ್ತಾರಂತ ನಿದ್ದಿ ಇರಲಿಲ್ಲ, ಈಗ ಯಾರೂ ಎಬ್ಬಿಸಂಗಿಲ್ಲಂತ ನಿದ್ದಿ ಇಲ್ಲ. ಮಕ್ಕಳಿರಲಿಲ್ಲ ಅಕಿಗಿ. ಅಣ್ಣ ದೇವೀಂದ್ರಪ್ಪ ವಾಡಿ ರೈಲ್ವೇದಾಗ ಇದ್ದ. ಬಾ ತಂಗಿ, ನಮ್ಮನ್ಯಾಗೇ ಇರು ಅಂತ ಕರಕೊಂಡು ಹೋದ. ಅಕಿ ಅಲ್ಲಿ ಒಂದು ರಾತ್ರಿನೂ ನಿಲ್ಲಲಿಲ್ಲ, ಅವತ್ತೇ ಸಂಜಿ ಪ್ಯಾಸೆಂಜರ್ ಹತ್ತಿದ್ಳು. 'ಅವರು ನೀರು ಕೇಳಿದ್ರ ಮನ್ಯಾಗ ಯಾರದಾರಣ್ಣ?' ಅಂದ್ಳಂತ.

ಅದೇ ರಾತ್ರಿ ಇದು, ನಾ ಮೊದಲ ಹೇಳಿದ್ದು. ಖಣಿ ದಂಡಿಗಿ ಅಕಿ ನಿಂತಾಳ. ಒಳಗಿಂದ ಮತ್ತೊಮ್ಮಿ...

ಟಕ್.

'ಬಂದೆ, ತಡೀರಿ' ಅಂದ್ಳು ಮಾಳಕ್ಕ, ಮೆಲ್ಲಕ.

ಜನುಮದಾಗ ಒಮ್ಮಿನೂ ಇಳೀದಾಕಿ ಆ ಖಣ್ಯಾಗ ಇಳದ್ಳು. ನೀರಿನ ದಂಡಿ ಮುಟ್ಟಿ, ಬೊಗಸ್ಯಾಗ ನೀರು ತುಂಬಿ, ಸಪ್ಪಳ ಬಂದ ಕಲ್ಲಿನ ಮ್ಯಾಲ ಸುರವಿದ್ಳು. ಸಪ್ಪಳ ನಿಂತುಹೋಯ್ತು. ಅದು ಅಂವ ಬಡಿಯೋ ಸಪ್ಪಳದಂಗ ಇರಲಿಲ್ಲ, ಜರಾ ಮಂದ ಇತ್ತು. ನೀರಿನ ಮ್ಯಾಲ ಹಾದು ಬರ್ತದಲ್ಲ, ಅದಕ್ಕ ಇರಬೇಕು ಅಂತ ತನಗ ತಾನೇ ಹೇಳ್ಕೊಂಡ್ಳು.

ಮರುದಿನದಿಂದ ಅಕಿ ತಂಬಗಿನೇ ಒಯ್ಯಲಿಕತ್ತಿದ್ಳು. ಊರು ಮಲಗಿದ ಮ್ಯಾಲ ಹೋಗೋದು, ಕಲ್ಲಿನ ಮ್ಯಾಲ ನೀರು ಬಿಡೋದು, ಬರೋದು. ಮನಸ್ಸಿಗಿ ಜರಾ ಸಮಾಧಾನ. ಯಾರೋ ತನ್ನ ದಾರಿ ನೋಡ್ತಾರ ಅನ್ನೋದೊಂದು ಇತ್ತಲ್ಲ. ಆದ್ರ ಆ ಸಪ್ಪಳ ಇದ್ದಲ್ಲೇ ಇರಲಿಲ್ಲ. ಇವತ್ತು ಈ ಪಾವಟಿಗಿ ಮ್ಯಾಲಿದ್ರ ನಾಳಿಗಿ ಅದರ ಕೆಳಗಿಂದರ ಮ್ಯಾಲ. ಮೊದಲ ನೀರಿನ ದಂಡ್ಯಾಗ, ಆಮ್ಯಾಲ ನೀರಾಗ.

ಇದನ್ನ ಮೊದಲ ನೋಡಿದಾಕಿ ರಶೀದಾಬೇಗಂ. ಮಗ್ಗಲ ಮನ್ಯಾಕಿ, ಮಾಳಕ್ಕ ಅಕಿಗಿ ಆಪಾ, ಅಂದ್ರ ಅಕ್ಕ, ಅಂತಿದ್ಳು. ಅಕಿ ಗಂಡನೂ ಕಲ್ಲಿನ ಕೆಲಸದಾಂವನೇ. ಒಂದಿನ ಸಂಜಿಮುಂದ ಮಾಳಕ್ಕನ ಹೊಸ್ತಲ ಮ್ಯಾಲ ಬಂದು ಕುಂತ್ಳು. ದನಿ ಸಣ್ಣ ಮಾಡಿ ಕೇಳಿದ್ಳು.

'ಮಾಳಮ್ಮ, ಹಗ್ಗದ ಮ್ಯಾಲ ನಿನ್ನ ಸೀರಿ ದಿನಾ ತೋಯ್ದು ಒಣಗಲಿಕತ್ತದ. ಮೊದಲ ಅಂಚಷ್ಟೇ ತೋಯ್ತಿತ್ತು. ಈಗ ಮಣಕಾಲ ತನಕ ಬಂದದ. ಎಲ್ಲಿಗಿ ಹೋಗ್ತಿ?'

ಮಾಳಕ್ಕ ಮುಚ್ಚಿಡಲಿಲ್ಲ, ಹೇಳಿದ್ಳು. ರಶೀದಾ ಕುಂತಲ್ಲೇ ತಲಿ ಮ್ಯಾಲ ಸೆರಗು ಎಳಕೊಂಡ್ಳು.

'ಹೋಗಬ್ಯಾಡ. ನನ್ನ ಮಾತು ಕೇಳು.'

'ನಿನಗೇನು ಆಪಾ. ನಿನ್ನ ಗಂಡ ಒಳಗ ಗೊರಕಿ ಹೊಡೀಲಿಕತ್ತಾನ.'

ಎಂಥಾ ಮಾತು ನೋಡ್ರಿ. ಆದ್ರ ರಶೀದಾಬೇಗಂ ಸಿಟ್ಟಿಗೇಳಲಿಲ್ಲ. ಎದ್ದು ಹೋಗೋ ಮುಂದ ಒಂದೇ ಮಾತು ಅಂದ್ಳು. 'ನಿನ್ನ ಗಂಡ ಇದ್ದಾಗ ನಿನಗ ಖಣ್ಯಾಗ ಒಂದಿನಾರ ಇಳೀಗೊಟ್ಟಿದ್ನಾ? ಸತ್ತ ಮ್ಯಾಲ ಇಳಿ ಅಂತಾನಾ?'

ಮಾಳಕ್ಕ ಬಾಗಲ ಹಾಕ್ಕೊಂಡ್ಳು.

ಅದೇ ವಾರ ದೇವೀಂದ್ರಪ್ಪ ಹೇಳಿಕಳಿಸಿದ. ನಾಳಿ ಮುಂಜಾನಿ ಬರ್ತೀನಿ, ಗಂಟು ಕಟ್ಟಿ ಇಟ್ಟಿರು, ಈ ಸಲ ಬಿಟ್ಟು ಹೋಗಂಗಿಲ್ಲ ಅಂತ. ಅಂದ್ರ ಇವತ್ತಿಂದೇ ಕಡೀ ರಾತ್ರಿ. ನಾಳಿಂದ ಅಂವಗ ನೀರು ಕೊಡೋರು ಯಾರು? ಇವತ್ತು ಎಲ್ಲಿದ್ರೂ ಹೋಗಿ, ಅಂವನ ಬಾಯಿಗೇ ಮುಟ್ಟಂಗ ಕೊಟ್ಟು ಬರಬೇಕು. ಮಾಳಕ್ಕ ಹಂಗಂತ ಗಟ್ಟಿ ಮಾಡಿಕೊಂಡ್ಳು. ಮಣ್ಣಿನ ರಂಜಣಗ್ಯಾನ ತಣ್ಣನ ನೀರು ತಂಬಗಿ ತುಂಬ ತಗೊಂಡ್ಳು, ಬಾಗಲಿಗಿ ಕೀಲಿ ಹಾಕಿದ್ಳು, ಹೊಂಟ್ಳು.

ಚಂದ್ರ ಇರಲಿಲ್ಲ. ಖಣ್ಯಾಗ ಕಪ್ಪಿ ಸೈತ ಒದರವಲ್ವು. ಪಾವಟಿಗಿ ತಡವಿ ತಡವಿ ಇಳದ್ಳು. ನೀರು ಹಿಮ್ಮಡಕ್ಕ ಬಂತು. ಮೀನಗಂಡಕ್ಕ ಬಂತು. ಮಣಕಾಲಿಗಿ ಬಂತು. ತಣ್ಣಗ...

ಟಕ್.

ಮುಂದೇ ಬಂತು, ನೀರಿನ ಒಳಗಿಂದ.

'ತಗೋರಿ' ಅಂತ ತಂಬಗಿ ಮುಂದ ಮಾಡಿದ್ಳು.

ಟಕ್. ಇನ್ನೊಂದು ಮಾರು ಮುಂದ ಹೋಯ್ತು.

ಅಕಿ ಕಾಲು ಎತ್ತಿದ್ಳು. ಎತ್ತಿದ ಕಾಲು ಹಂಗೇ ಹಿಡದ್ಳು. ರಶೀದಾನ ಮಾತು ನೆನಪಾಯ್ತು. ಕಣ್ಣು ಮುಚ್ಚಿ, ಅಂಗಳದಾಗ ಅಂವ ಕಲಿಸಿದಂಗ, ಕಿವಿ ಕೊಟ್ಟು ಕೇಳಿದ್ಳು.

ಥಪ್.

ಟಣ್ ಅಲ್ಲ. ಮೊದಲ ದಿನದಿಂದನೂ ಅದು ಟಣ್ ಅಲ್ಲ. ಒಳಗ ಸೀಳಿದ್ದ ಕಲ್ಲಿನ ದನಿ. ಅಕಿಗಿ ಗೊತ್ತಿತ್ತು, ಗೊತ್ತಿಲ್ಲದಂಗ ಇದ್ಳು, ಅಷ್ಟೇ.

ಗೊತ್ತಾತಲ್ಲ, ಹಿಂದ ಸರೀಬೇಕಲ್ಲ? ಸರೀಲಿಲ್ಲ ಅಕಿ. ಇದನ್ನ ಅಕಿ ನನಗ ಹೇಳೋ ಮುಂದ ನನ್ನ ಮಾರಿ ನೋಡಲಿಲ್ಲ, ಒಲ್ಯಾನ ಬೂದಿ ನೋಡಕೋಂತ ಹೇಳಿದ್ಳು. 'ಅವರಲ್ಲ ಅಂತ ತಿಳೀತವ್ವ. ಆದ್ರ ಯಾರಾದ್ರೇನು ಅನ್ನಿಸ್ತು. ಮನಿಗಿ ಹೋದ್ರ ಯಾರದಾರ? ಇಲ್ಲಿ ನನಗ ಕರ್ಯೋರು ಒಬ್ಬರಾರ ಅದಾರಲ್ಲ ಅನ್ನಿಸ್ತು' ಅಂದ್ಳು. ನನ್ನ ಕಣ್ಣಾಗ ನೀರು ಬಂತು ನೋಡ್ರಿ, ಈಗನೂ ಬರ್ತದ.

ಎತ್ತಿದ ಕಾಲು ಮುಂದ ಇಡಬೇಕು, ಅಷ್ಟರಾಗ...

ಟಣ್.

ಹಿಂದಿನಿಂದ ಬಂತು. ಮ್ಯಾಲಿಂದ, ಮನಿ ಕಡಿಯಿಂದ. ಗಂಟಿ ಬಡದಂಗ, ಖಣಿ ತುಂಬ ಕೇಳಿಸ್ತು. ಅದರ ಹಿಂದೇ, ಉದ್ದಕ್ಕ, ನಿಧಾನಕ...

ಸರ್ರ್...

ಮಾಳಕ್ಕನ ಕೈಯಾನ ತಂಬಗಿ ನೀರಾಗ ಬಿತ್ತು. 'ಸಾಕೇನ್ರಿ?' ಅಂದ್ಳು. 'ಖರೇ ಸಾಕೇನ್ರಿ?' ಅಂದ್ಳು. ತಿರುಗಿ ಹತ್ತಲಿಕತ್ತಿದ್ಳು. ಜರಾ ಮ್ಯಾಲ ಬಂದಿದ್ಳೋ ಇಲ್ಲೋ, ಹಿಂದ ಧಡ್ ಅಂತು. ಅಕಿ ನಿಂತಿದ್ದ ಪಾವಟಿಗಿ ಕಲ್ಲೇ ಮುರದು ಒಳಗ ಹೋಯ್ತು. ನೀರು ಗುಳುಂ ಗುಳುಂ ಅಂತ ಎಷ್ಟೋ ಹೊತ್ತು ಅಂತಾನೇ ಇತ್ತು.

ದಂಡಿ ಮ್ಯಾಲ ಕಂದೀಲು ಕಾಣ್ತು. ರಶೀದಾಬೇಗಂ. ಬಾಗಲ ಕೀಲಿ ಸಪ್ಪಳ ಕೇಳಿ ಹಿಂದೇ ಬಂದಿದ್ಳು. ಅಕಿ ಮಾಳಕ್ಕನ ರಟ್ಟಿ ಹಿಡದು ಮ್ಯಾಲ ಎಳಕೊಂಡ್ಳು. ಮಾಳಕ್ಕ ಪಿಸುಗುಟ್ಟಿದ್ಳು.

'ಆಪಾ, ನಿನಗ ಕೇಳಿಸ್ತಾ?'

'ಹೂಂ.'

'ನೀರಾಗಿಂದಾ?'

'ನೀರಾಗ ಏನೂ ಕೇಳಲಿಲ್ಲ ನನಗ. ನಿನ್ನ ಮನಿ ಕಡಿಂದು ಕೇಳಿಸ್ತು. ಚಾಣದ್ದು.'

ಮನಿಗಿ ಬಂದ್ರು. ಕೀಲಿ ಹಾಕಿದ್ದು ಹಾಕಿದಂಗೇ ಇತ್ತು. ಮಾಳಕ್ಕ ಕೀಲಿ ತಗದ್ಳು, ರಶೀದಾ ಕಂದೀಲು ಎತ್ತಿ ಹಿಡದ್ಳು. ಅಂಬಾರಾಯ ಮಲಗತಿದ್ದ ಜಾಗದಾಗ, ಕರೀ ಫರಸಿ ಮ್ಯಾಲ ಒಂದು ಬಿಳೀ ಗೀರು ಬಿದ್ದಿತ್ತು. ರಶೀದಾ ಬೆರಳು ಹಚ್ಚಿ ನೋಡಿದ್ಳು. ಸಣ್ಣ ಪುಡಿ ಬಂತು ಬೆರಳಿಗಿ, ಈಗಷ್ಟೇ ಎಳದಂಗ.

ಮಾಳಕ್ಕ ತೋಯ್ದ ಸೀರಿ ಬದಲಸಿದ್ಳು, ತನ್ನ ಚಾಪಿ ಮ್ಯಾಲ ಉರುಳಿದ್ಳು, ಮಲಗಿಬಿಟ್ಟಳು. ಮುಂಜಾನಿ ದೇವೀಂದ್ರಪ್ಪ ಬಂದಾಗ ಬಿಸಲು ಅಂಗಳಕ್ಕ ಬಂದಿತ್ತು, ಅಕಿ ಇನ್ನೂ ಎದ್ದಿರಲಿಲ್ಲ. ರಶೀದಾಬೇಗಂ ಹೊಸ್ತಲದಾಗ ಕುಂತಿದ್ಳಂತ. 'ಎಬ್ಬಿಸಬ್ಯಾಡ್ರಿ ಅಣ್ಣಾ. ಅಕಿ ಗಂಡ ಮಲಕ್ಕೊ ಅಂತ ಹೇಳ್ಯಾನ' ಅಂದ್ಳಂತ. ಅಂವಗ ಇಕಿಗೇ ತಲಿ ಕೆಟ್ಟದ ಅನ್ನಿಸಿರಬೇಕು. ಆದ್ರೂ ತಂಗಿ ಏಳೋ ತನಕ ಅಂಗಳದಾಗೇ ಕುಂತ, ಪಾಪ.

ಮಾಳಕ್ಕ ವಾಡಿಗಿ ಹೋಗಲಿಲ್ಲ. ಆ ಮನ್ಯಾಗೇ ಉಳದ್ಳು. ಹೊಸಾ ತಂಬಗಿ ತಂದ್ಳು. ಕೆಲಸಕ್ಕ ಹೋದ್ಳು, ಉಂಡ್ಳು, ಮಲಗಿದ್ಳು. ಆದ್ರ ಅವತ್ತಿನಿಂದ ಒಂದಿನಾನೂ ಸಪ್ಪಳ ಬರಲಿಲ್ಲ. ಖಣ್ಯಾಗೂ ಇಲ್ಲ, ಮನ್ಯಾಗೂ ಇಲ್ಲ. 'ಬರಲಿಲ್ಲಂದ್ರ ಛಲೋನೇ ಆಯ್ತು ಬಿಡಕ್ಕ' ಅಂದೆ ನಾ ಒಮ್ಮಿ. 'ಛಲೋ ಆಯ್ತು, ಹೌದು' ಅಂದ್ಳು. 'ಸುಮ್ಮನರ ಒಮ್ಮಿ ಬಡದು ನೋಡಿದ್ರ ಏನು ಹೋಗ್ತಿತ್ತು ಅವರದು. ಅದೀನೋ ಇಲ್ಲೋ ಅಂತ.'

ಖಣ್ಯಾಗ ಬಡದವರು ಯಾರು ಅಂತ ನನಗ ಕೇಳಬ್ಯಾಡ್ರಿ, ನನಗೊತ್ತಿಲ್ಲ. ಗೀರು ಅಕಿನೇ ಎಳಕೊಂಡಿರಬೇಕು ಅಂತ ಯಾವನೋ ಒಬ್ಬ ಶಾಣ್ಯಾ ನನ್ನ ಮುಂದ ಅಂದಿದ್ದ. ಎಳೀಲಿಕ್ಕ ಚಾಣ ಎಲ್ಲಿ ಅದನೋ ಅಂದೆ. ಮಣ್ಣಾಗ ಅದ ಅದು.

ಆ ಗೀರು ಎಷ್ಟು ತೊಳದ್ರೂ ಹೋಗಲಿಲ್ಲ. ನಾ ಹೋದಾಗೆಲ್ಲ ನೋಡ್ತಿದ್ದೆ, ಬೆರಳು ಇಟ್ಟು ನೋಡೀನಿ. ಬಿಮಾರಿ ಬಿದ್ದಾಗ ಅಂವ ಎಳೀತಿದ್ದ ಗೀರು ಗೇಣುದ್ದ, ಡೊಂಕ. ಇದು ಹಂಗಿಲ್ಲ. ಅಂವನ ತಲಿದಿಂಬಿನ ಜಾಗದಿಂದ ಮಾಳಕ್ಕನ ಚಾಪಿ ತನಕ ಅದ. ಫರಸಿ ಕೊಯ್ಯೋ ಮುಂದ ಗಟ್ಟಿ ಆಳು ಹಾಕೋ ಗೀರಿನಂಗ, ನೆಟ್ಟಗ.